ಬೋಳುಗುಡ್ಡದ ಗಾಳಿ

ನಮ್ಮ ಊರಿಗೆ ಹೊಸದಾಗಿ ಬಂದವರು ಮೊದಲು ಸೀನುತ್ತಾರೆ, ಆಮೇಲೆ ನಮಸ್ಕಾರ ಮಾಡುತ್ತಾರೆ. ಮೆಣಸಿನಕಾಯಿ ಪೇಟೆಯ ಊರು ಇದು. ಸುಗ್ಗಿ ಬಂತೆಂದರೆ ಯಾರ್ಡಿನ ತುಂಬ ಕೆಂಪು ರಾಶಿ ಬೀಳುತ್ತದೆ, ಅದರ ಘಾಟು ಹಾಸಿಗೆಗೂ ಹತ್ತುತ್ತದೆ, ಕಾಸಿದ ಹಾಲಿಗೂ ಹತ್ತುತ್ತದೆ. ನೆಟ್ಟಗೆ ಉಸಿರಾಡಬೇಕೆಂದರೆ ನಮಗೆ ಬೋರ್ಡುಗಳೇ ಗತಿ. ಬೋರ್ಡಿನಲ್ಲಿ ಅಕ್ಷರಗಳ ಹಿಂದೆ ಯಾವ ಜಾಗದ ಫೋಟೊ ಇದೆಯೋ ಆ ಜಾಗದ ಗಾಳಿ ಅದರ ಎದುರು ನಾಲ್ಕು ಮಾರು ದೂರದವರೆಗೆ ಬೀಸುತ್ತದೆ. ಔಷಧ ಅಂಗಡಿಯವನು ಹಿಮದ ಬೆಟ್ಟ ಹಾಕಿಸಿದ್ದಾನೆ. ಸೊಪ್ಪು ಮಾರುವ ಹೆಂಗಸರು ಬೆಳಿಗ್ಗೆಯೇ ಬಂದು ಅದರ ಕೆಳಗೆ ಜಾಗ ಹಿಡಿಯುತ್ತಾರೆ, ಸಂಜೆಯಾದರೂ ಮೆಂತ್ಯ ಬಾಡುವುದಿಲ್ಲ. ಫೋಟೊ ಸ್ಟುಡಿಯೊದವನಿಗೆ ಸಮುದ್ರವೇ ಬೇಕಾಗಿತ್ತು. ಎರಡು ವರ್ಷಕ್ಕೊಮ್ಮೆ ಅವನ ಶಟರ್ ತುಕ್ಕು ತಿಂದು ಉದುರುತ್ತದೆ, ಬಯ್ದುಕೊಂಡು ಹೊಸದು ಹಾಕಿಸುತ್ತಾನೆ, ಸಮುದ್ರ ಮಾತ್ರ ಬಿಡುವುದಿಲ್ಲ. ಪಡ್ಡೆ ಹುಡುಗರು ಟೆಂಪೋಗಳಿಗೆ ಬೆಂಕಿಯ ಜ್ವಾಲೆ ಅಂಟಿಸಿಕೊಂಡು ಮೆರೆಯುತ್ತಾರೆ, ಅವರ ತಾಯಂದಿರು ಅದೇ ಬಾನೆಟ್ಟಿನ ಮೇಲೆ ಹಪ್ಪಳ ಒಣಗಿಸುತ್ತಾರೆ. ಬ್ಯಾಂಕಿನವರದು ಚಿತ್ರವೇ ಇಲ್ಲದ ಬರೀ ನೀಲಿ ಬೋರ್ಡು. ಅಲ್ಲಿಗೆ ಹೋದವರು ಉಸಿರು ಬಿಗಿಹಿಡಿದೇ ಕೌಂಟರಿನ ಮುಂದೆ ನಿಲ್ಲಬೇಕು.

ಈ ಬೋರ್ಡುಗಳನ್ನು ಮಾಡುವುದು, ಗಾಡಿಗಳಿಗೆ ಸ್ಟಿಕರ್ ಸುತ್ತುವುದು ನನ್ನ ಕಸುಬು. ಹೆಸರು ಫಕೀರಪ್ಪ. ಮೊದಲು ಕುಂಚ ಹಿಡಿದು ಬರೆಯುತ್ತಿದ್ದೆ. ನನ್ನ ಕೈ ಚೆನ್ನಾಗಿತ್ತು ಅಂತ ಜನ ಹೇಳುತ್ತಿದ್ದರು, ನಾನೂ ನಂಬಿದ್ದೆ. ಆದರೆ ನಾನು ಬರೆದ ಹೊಳೆಯಿಂದ ಒಂದು ದಿನವೂ ತಂಪು ಬರಲಿಲ್ಲ, ನಾನು ಬರೆದ ಮಾವಿನ ತೋಪಿನಿಂದ ಒಂದು ಎಲೆಯ ವಾಸನೆಯೂ ಬರಲಿಲ್ಲ. ಯಾವ ದೇಶದಲ್ಲೋ ಯಾವನೋ ಕ್ಯಾಮೆರಾ ಎತ್ತಿ ತೆಗೆದು ಸಾವಿರಾರರ ಲೆಕ್ಕದಲ್ಲಿ ಮಾರಾಟಕ್ಕೆ ಬಿಟ್ಟ ಚಿತ್ರಗಳಿಂದ ಬರುತ್ತಿತ್ತು. ಅದನ್ನು ನೋಡಿ ಹೊಟ್ಟೆ ಉರಿಯಿತು. ಉರಿದು ಏನು ಮಾಡುವುದು, ಕುಂಚ ತೊಳೆದಿಟ್ಟು ಅಂಥ ಚಿತ್ರಗಳು ತುಂಬಿದ ಒಂದು ಡಿಸ್ಕು ತಂದೆ, ಪ್ರಿಂಟ್ ಮಾಡುವ ಯಂತ್ರ ತಂದೆ.

ಒಂದು ಚಿತ್ರದಲ್ಲಿರುವ ಗಾಳಿ ಇರುವಷ್ಟೇ. ಊರಲ್ಲಿ ಒಬ್ಬನೇ ಅಂಟಿಸಿಕೊಂಡರೆ ಎಲ್ಲವೂ ಅವನಿಗೆ, ಇಬ್ಬರಾದರೆ ಅರ್ಧರ್ಧ, ಹತ್ತು ಮಂದಿಯಾದರೆ ಹತ್ತು ಪಾಲು. ಬಸ್ಸಿನಷ್ಟು ದೊಡ್ಡದಿರಲಿ, ಬೆರಳಿನಷ್ಟು ಚಿಕ್ಕದಿರಲಿ, ಅಣ್ಣತಮ್ಮಂದಿರ ಆಸ್ತಿಯ ಹಾಗೆ ಪಾಲು ಪಾಲೇ. ಕಿತ್ತು ತೆಗೆದರೆ ಆ ಪಾಲು ಉಳಿದವರಿಗೆ ಮರಳುತ್ತದೆ. ತೆಂಗಿನ ಮರದ ಹಿಂದೆ ಸೂರ್ಯ ಮುಳುಗುವ ಆ ಚಂದದ ಚಿತ್ರ ಇದೆಯಲ್ಲ, ಅದನ್ನು ನಮ್ಮೂರಿನವರು ಕ್ಷೌರದಂಗಡಿಯಿಂದ ಹಿಡಿದು ಹಾಲಿನ ಕ್ಯಾನಿನವರೆಗೆ ಅಂಟಿಸಿ ಅಂಟಿಸಿ ಎಂದೋ ಮುಗಿಸಿದ್ದಾರೆ. ಈಗ ಅದು ಬರೀ ಬಣ್ಣ. ಅದಕ್ಕೇ ಊರಿನ ಹಿರಿಯರು ಒಂದು ಪದ್ಧತಿ ಮಾಡಿದರು. ಯಾರೋ ಮೊದಲು ಹಚ್ಚಿದ ಚಿತ್ರ ಬೇಕಾದರೆ ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು ಅವರ ಮನೆಗೆ ಹೋಗಿ ಕೇಳಬೇಕು. ಅವರು ಎಲೆ ಬಾಯಿಗೆ ಹಾಕಿಕೊಂಡರೆ ಕೊಟ್ಟರು ಅಂತ ಅರ್ಥ. ಕಣ್ಣಿಗೆ ಒತ್ತಿಕೊಂಡು ತಟ್ಟೆಗೆ ಮರಳಿ ಇಟ್ಟರೆ ಇಲ್ಲ ಅಂತ ಅರ್ಥ. ಇಲ್ಲ ಅಂದವರನ್ನು ಊರು ಬಯ್ಯುವುದಿಲ್ಲ, ಆದರೆ ಅವರ ಮನೆಯ ಮದುವೆಗೆ ಊಟದ ಹೊತ್ತಿಗೆ ಮಾತ್ರ ಹೋಗುತ್ತದೆ.

ನನ್ನ ಹೆಂಡತಿ ಸಾವಂತ್ರವ್ವ ಸಣ್ಣವಳಿದ್ದಾಗಿನಿಂದ ಗುರುಶಾಂತಪ್ಪ ಸಾವುಕಾರರ ದಲಾಲಿ ಅಂಗಡಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಿದವಳು. ಸೆರಗನ್ನು ಮೂಗಿಗೆ ಸುತ್ತಿಕೊಂಡು ಕೂತರೆ ಹೊತ್ತು ಮುಳುಗಿದ ಮೇಲೆಯೇ ಏಳುವುದು. ನಲವತ್ತೈದಕ್ಕೆ ಅವಳ ಎದೆ ಹಳೆಯ ಹಾರ್ಮೋನಿಯಂ ಆಗಿತ್ತು, ಎಳೆದರೊಂದು ಸ್ವರ, ಬಿಟ್ಟರೊಂದು ಸ್ವರ. ಮಲಗಿದರೆ ಉಸಿರು ಬರುತ್ತಿರಲಿಲ್ಲ, ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ಡಾಕ್ಟರು ಕಿವಿಗೆ ಹಾಕಿಕೊಂಡ ನಳಿಕೆ ತೆಗೆದು, "ಇನ್ನ ಗುಳಗಿಯಿಂದ ಆಗೂದಲ್ಲ ಫಕೀರಪ್ಪ, ಈ ಎದಿ ಘಾಟು ತಡಿಯೂದಿಲ್ಲ. ಎತ್ತರದ ಜಾಗ, ಒಣಾ ಗಾಳಿ, ಅಂಥಲ್ಲಿ ಇಟ್ಟರ ಬದುಕತಾಳ" ಅಂದರು. ನಮ್ಮದು ಕೈಯಿಂದ ಬಾಯಿಗೆ ಇರುವ ಸಂಸಾರ. ಮಕ್ಕಳಿಲ್ಲ, ಬೇರೆ ಊರಲ್ಲಿ ನೆಂಟರೂ ಇಲ್ಲ. ಎತ್ತರದ ಜಾಗವನ್ನು ನಾನು ಡಿಸ್ಕಿನಲ್ಲೇ ಹುಡುಕಬೇಕಾಯಿತು.

ಹುಡುಕಿದೆ. ಚಂದದ ಬೆಟ್ಟಗಳೆಲ್ಲ ಯಾರ್ಯಾರದೋ ಪಾಲಾಗಿದ್ದವು. ಕೊನೆಗೆ ಒಂದು ಸಿಕ್ಕಿತು. ಬೋಳುಗುಡ್ಡ, ಬೂದಿ ಬಣ್ಣದ ನಾಲ್ಕು ಕಲ್ಲು, ಒಣಗಿದ ಮೋಟು ಹುಲ್ಲು, ತೊಳೆದಿಟ್ಟ ಹಾಗಿರುವ ಪೇಲವ ಆಕಾಶ. ಹೂವಿಲ್ಲ, ಹಕ್ಕಿಯಿಲ್ಲ, ಸೂರ್ಯನೂ ಇಲ್ಲ. ಇಂಥ ಚಿತ್ರವನ್ನು ಯಾವ ಅಂಗಡಿಯವನು ಹಾಕಿಸಿಕೊಳ್ಳುತ್ತಾನೆ? ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಬಿದ್ದಿತ್ತು. ಅದನ್ನು ನೋಡಿದಾಗ ನನಗೆ ಅಳು ಬಂತು.

ಬೋರ್ಡು ಸಾಗಿಸಲು ನಮ್ಮದೊಂದು ಹಳೆಯ ಓಮ್ನಿ ಇತ್ತು. ಅದನ್ನು ಉಜ್ಜಿ ತೊಳೆದು, ಸೀಟು ಕಿತ್ತು ಹಾಸಿಗೆ ಹಾಕಿ, ಹೊರಗೆ ಮೇಲಿಂದ ಕೆಳಗಿನ ತನಕ ಆ ಗುಡ್ಡವನ್ನು ಸುತ್ತಿದೆ. ಹೀಗೆ ಸುತ್ತಲೂ ಸುತ್ತಿದರೆ ಗಾಳಿ ಹೊರಗಷ್ಟೇ ಅಲ್ಲ, ಒಳಗೂ ತುಂಬುತ್ತದೆ. ಗಾಡಿಗೆ ಸುತ್ತುವುದೆಂದರೆ ಗೋಡೆಗೆ ಅಂಟಿಸಿದ ಹಾಗಲ್ಲ. ಸೋಪಿನ ನೀರು ಸಿಂಪಡಿಸಿ, ಪಟ್ಟಿಯಿಂದ ಒತ್ತಿ ಗುಳ್ಳೆ ಹೊರಡಿಸಬೇಕು, ಬಾಗಿದ ಕಡೆ ಬಿಸಿಗಾಳಿ ಹಿಡಿದು ರಬ್ಬರಿನ ಹಾಗೆ ಎಳೆಯಬೇಕು, ಗುಡ್ಡದ ತುದಿ ಬಾಗಿಲಿನ ಹಿಡಿಕೆಗೆ ಬಂದು ಕತ್ತರಿಸಿ ಹೋಗದ ಹಾಗೆ ಮೊದಲೇ ಅಳತೆ ನೋಡಬೇಕು. ಹಿಂದಿನ ಕಾಗದ ಬಿಡಿಸಿ ಅಂಟಿಸುವವರೆಗೆ ಚಿತ್ರಕ್ಕೆ ಜೀವ ಬರುವುದಿಲ್ಲ. ಮೊದಲ ತುಂಡು ಅಂಟಿಸುತ್ತಿದ್ದಂತೆ ಮುಖಕ್ಕೆ ಸಣ್ಣಗೆ ತಣ್ಣನೆಯ ಒಣಗಾಳಿ ಬಡಿಯಿತು. ಕಲ್ಲಿನ ವಾಸನೆ, ಹುಲ್ಲಿನ ವಾಸನೆ. ಮೆಣಸಿನ ಹೆಸರೂ ಇಲ್ಲ.

ಸಾವಂತ್ರವ್ವನನ್ನು ಎತ್ತಿಕೊಂಡು ಬಂದು ಒಳಗೆ ಕೂರಿಸಿದೆ. ಅವಳು ಒಂದು ಸಲ ಉಸಿರೆಳೆದಳು, ಹೆದರಿ ನಿಲ್ಲಿಸಿದಳು, ಮತ್ತೆ ಎಳೆದಳು.

"ಏನ್ರೀ ಇದು?" ಅಂದಳು. "ಎದಿ ತುಂಬಾಕತ್ತೈತಿ."

"ತುಂಬಲಿ ಬಿಡು. ನಿಂದ ಅದು, ಪೂರಾ ನಿಂದ."

ಆ ರಾತ್ರಿ ಅವಳು ಉದ್ದಕ್ಕೆ ಕಾಲು ಚಾಚಿ ಮಲಗಿದಳು. ನಾನು ಪಕ್ಕದಲ್ಲಿ ಕೂತು ಅವಳ ಹೊಟ್ಟೆ ಏರಿಳಿಯುವುದನ್ನು ನೋಡುತ್ತಿದ್ದೆ. ನನ್ನ ಬದುಕಿನಲ್ಲಿ ಅಷ್ಟು ಸಂತೋಷ ಆದದ್ದು ಆಗ ಒಂದೇ ಸಲ.

ಸುಗ್ಗಿ ಮುಗಿಯುವುದರೊಳಗೆ ಅವಳು ಗಾಡಿಯಿಂದ ಇಳಿದು ಅಡುಗೆ ಮಾಡತೊಡಗಿದಳು. ಬೀದಿಯ ನಳದಿಂದ ತುಂಬಿದ ಕೊಡ ತಂದಳು. ದಣಿವಾದಾಗ ಗಾಡಿಯ ಪಕ್ಕ ಬಂದು ಕೂತರೆ ಆಯಿತು. ಮನೆಗೆ ತಾಗಿದ ನಮ್ಮ ಅಂಗಡಿಯ ಮುಂದೆ ಗಾಡಿ ನಿಂತಿರುತ್ತಿತ್ತು, ಸುತ್ತ ಜನ ಸೇರತೊಡಗಿದರು. ಹಮಾಲರು ಬಂದು ಬೆವರು ಆರಿಸಿಕೊಳ್ಳುತ್ತಿದ್ದರು, ತೊಟ್ಟು ಬಿಡಿಸುವ ಹೆಂಗಸರು ಬುತ್ತಿ ಬಿಚ್ಚುತ್ತಿದ್ದರು. ಅದರಿಂದ ನಮಗೇನೂ ನಷ್ಟವಿರಲಿಲ್ಲ, ಉಸಿರಾಡಿದರೆ ಪಾಲು ಹೋಗುವುದಿಲ್ಲ, ಅಂಟಿಸಿದರೆ ಹೋಗುತ್ತದೆ. ಸಾವಂತ್ರವ್ವ ಗಾಡಿಯ ಬಾಗಿಲಲ್ಲಿ ಮಹಾರಾಣಿಯ ಹಾಗೆ ಕೂತು ಎಲ್ಲರ ಕಷ್ಟಸುಖ ಕೇಳುತ್ತಿದ್ದಳು. ಬೋಳುಗುಡ್ಡಕ್ಕೆ ಹೆಸರು ಬಂತು. ನನ್ನ ಎದೆಯಲ್ಲಿ ಆಗಲೇ ಸಣ್ಣ ಅಳುಕು ಶುರುವಾಗಿತ್ತು.

ಮೊದಲು ಎಲೆ ತಂದವನು ಆಟೋ ಇಮಾಮಸಾಬ. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ತಟ್ಟೆಯನ್ನು ಅವಳ ಮುಂದಿಟ್ಟು ತಲೆ ತಗ್ಗಿಸಿ ನಿಂತ. "ಅಕ್ಕಾರ, ನಮ್ಮ ಅಮ್ಮಾಗ ನಿಮ್ಮಂಗ ಎದಿ ಕಟ್ಟೈತ್ರಿ. ಆಟೋದ ಹಿಂದ ಒಂದ ತುಂಡ ಹಚ್ಚಕೊಂಡರ, ಅದರಾಗ ಕುಂಡರಸಿ ಎರಡ ತಾಸು ಅಡ್ಡಾಡಸತೇನಿ. ಇಲ್ಲ ಅಂದರೂ ನನಗ ಸಿಟ್ಟಿಲ್ರಿ."

ನಾನು ಸಾವಂತ್ರವ್ವನಿಗೆ ಕಣ್ಸನ್ನೆ ಮಾಡಿದೆ, ಕೆಮ್ಮಿದೆ, ಬೇಡ ಅಂತ ಕೈ ಆಡಿಸಿದೆ. ಅವಳು ನನ್ನ ಕಡೆ ನೋಡಲೇ ಇಲ್ಲ. ಎಲೆಗೆ ಸುಣ್ಣ ಸವರಿ, ಮಡಿಚಿ, ನಿಧಾನವಾಗಿ ಬಾಯಿಗೆ ಹಾಕಿಕೊಂಡಳು.

ಅವನು ಹೋದ ಮೇಲೆ ನಾನು ಕೂಗಾಡಿದೆ. "ಅರ್ಧಾ ಹೋತು! ಅರ್ಧಾ! ನಿನಗೇನು ಹುಚ್ಚ ಹಿಡದೈತೇನು?"

"ಹುಟ್ಟಿ ನಾಲ್ವತ್ತೈದ ವರ್ಷ ಆತ್ರಿ," ಅಂದಳು ಅವಳು. "ಯಾರೂ ನನ್ನ ಕಡೆ ಏನೂ ಬೇಡಿದ್ದಿಲ್ಲ. ನಾನ ಕೈ ಒಡ್ಡಿದ್ದು. ಇವತ್ತ ಒಬ್ಬಾಂವ ತಟ್ಟಿ ಹಿಡಕೊಂಡ ಬಂದು ಅಕ್ಕಾರ ಅಂದ. ಹೆಂಗ ಇಲ್ಲ ಅನ್ನಲಿ?"

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ನಮ್ಮದು ಉಂಡ ಮೇಲೂ ಇತ್ತು, ಎದ್ದ ಮೇಲೂ ಇತ್ತು. ಏಕೆಂದರೆ ಇಮಾಮಸಾಬನ ಹಿಂದೆ ಶಾಲೆಯ ವ್ಯಾನಿನವರು ಬಂದರು, ಮಕ್ಕಳು ಕೆಮ್ಮುತ್ತವೆ ಅಂದರು. ಯಾವ ಬಾಯಿಂದ ಇಲ್ಲ ಅನ್ನುವುದು? ಆಮೇಲೆ ಹೆರಿಗೆ ಆಸ್ಪತ್ರೆಯ ಆಯಾ ಬಂದಳು. ಆಮೇಲೆ ರೊಟ್ಟಿ ಅಂಗಡಿಯವನು ಬಂದ. ಅವನಿಗೆ ಯಾವ ರೋಗವೂ ಇರಲಿಲ್ಲ, ರೊಟ್ಟಿ ಗರಿಗರಿಯಾಗಿ ಇರುತ್ತದೆ ಅಂತ ಕೇಳಿದ. ಅವನಿಗೂ ಕೊಟ್ಟಳು. ಎಲೆ ಅಗಿದು ಅಗಿದು ಅವಳ ತುಟಿ ಸದಾ ಕೆಂಪಗಿರುತ್ತಿತ್ತು. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ನಾನು ಅವಳ ಮುಖದ ಮೇಲೆಯೇ ಅಂದೆ. ಅವಳು ನಕ್ಕಳು. ಆ ನಗು ಹಿಂದೆ ನಾನು ನೋಡಿರದ ನಗು, ದೊಡ್ಡ ಮನೆಯವರು ನಗುವ ಹಾಗಿತ್ತು. ನನಗೆ ಅವಳ ಮೇಲೆ ಸಿಟ್ಟು ಬರುತ್ತಿತ್ತು, ಸಿಟ್ಟಿಗಿಂತ ಹೆಚ್ಚು ಭಯ.

ತುಂಬಿದ ಕೊಡ ಅರ್ಧ ಕೊಡವಾಯಿತು, ಅರ್ಧ ಕೊಡ ತಂಬಿಗೆಯಾಯಿತು. ನಳದ ತನಕ ಹೋಗುತ್ತಿದ್ದವಳು ಬಾಗಿಲ ತನಕ ಹೋಗಿ ಚೌಕಟ್ಟು ಹಿಡಿದು ನಿಲ್ಲತೊಡಗಿದಳು. ಆದರೂ ಗಾಡಿಯಲ್ಲಿ ಮಲಗಲು ಸಾಕಾಗುವಷ್ಟು ಗುಡ್ಡ ಇನ್ನೂ ಉಳಿದಿತ್ತು. ಡಾಕ್ಟರನ್ನು ಕೇಳಿದೆ. "ಇಷ್ಟ ಇದ್ದರ ನಡೀತೈತಿ. ಇದಕ್ಕಿಂತ ಕಡಿಮಿ ಆಗಬಾರದು" ಅಂದರು. ಮನೆಗೆ ಬಂದು ಅವಳ ಕೈ ಹಿಡಿದು ಆಣೆ ಹಾಕಿಸಿಕೊಂಡೆ. ಇನ್ನು ಯಾರ ಎಲೆಯನ್ನೂ ಮುಟ್ಟುವುದಿಲ್ಲ ಅಂತ ಅವಳು ನನ್ನ ತಲೆಯ ಮೇಲೆ ಕೈ ಇಟ್ಟು ಹೇಳಿದಳು. ಊರಿನವರಿಗೂ ಸುದ್ದಿ ಮುಟ್ಟಿಸಿದೆ. ಜನ ಹೌದಲ್ಲ, ಪಾಪ ಅಂದರು. ಒಬ್ಬನಾದರೂ ತನ್ನ ತುಂಡು ಕೀಳಲಿಲ್ಲ. ನನ್ನದು ಒಂದೇ ತುಂಡಲ್ಲವೇ ಅಂತ ಪ್ರತಿಯೊಬ್ಬನೂ ಹೇಳಿದ. ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ.

ಅಷ್ಟರಲ್ಲಿ ಗುರುಶಾಂತಪ್ಪ ಸಾವುಕಾರರು ನಮ್ಮ ಮನೆಗೆ ಬಂದರು. ಯಾವ ಅಂಗಡಿಯ ಧೂಳು ಕುಡಿದು ಇವಳ ಎದೆ ಹೀಗಾಯಿತೋ ಆ ಅಂಗಡಿಯ ಒಡೆಯರು. ಇವಳು ತೊಟ್ಟು ಬಿಡಿಸಿದ ಅಷ್ಟು ವರ್ಷದಲ್ಲಿ ಒಂದು ದಿನವೂ ಅವಳ ಮುಖ ನೋಡಿ ಮಾತಾಡಿದವರಲ್ಲ. ಈಗ ಬಿಳಿ ಧೋತರದ ಚುಂಗು ಎತ್ತಿ, ಗಾಡಿಯ ಪಕ್ಕ ಹಾಕಿದ್ದ ನಮ್ಮ ಕಬ್ಬಿಣದ ಮಂಚದ ಮೇಲೆ ಕೂತರು. ಸಾವಂತ್ರವ್ವ ಗಾಡಿಯ ಒಳಗೆ ಎದ್ದು ಕೂತು ಸೆರಗು ಸರಿಮಾಡಿಕೊಂಡಳು.

"ಏಳಬ್ಯಾಡ ತಾಯಿ, ಕೂಡು," ಅಂದರು. ತಾಯಿ ಎಂಬ ಮಾತು ಕೇಳಿ ಅವಳ ಕಣ್ಣು ತುಂಬಿತು. "ನಮ್ಮ ಪ್ಯಾಟಿಯೊಳಗ ಲಕ್ಷಾಧೀಶರು ಭಾಳ ಮಂದಿ ಅದೀವಿ. ಆದರ ತನ್ನ ಉಸರ ಹಂಚಿದಾಕಿ ನೀ ಒಬ್ಬಾಕಿ. ಯಾರ್ಡಿನಾಗ ನಿನಗೊಂದು ಸನ್ಮಾನ ಇಟ್ಟೇವಿ. ಶಾಲು, ಪೇಟ, ಹಣ್ಣಿನ ಬುಟ್ಟಿ. ಊರಿಗೂರ ಬರತೈತಿ."

ನನ್ನ ಮೈ ಉರಿಯಿತು. "ಸಾವ್ಕಾರ್ರ, ಸನ್ಮಾನ ಬ್ಯಾಡ್ರಿ," ಅಂದೆ. "ಅಕಿಗೆ ಸನ್ಮಾನ ಮಾಡೂದಾದರ ಒಂದ ಮಾತ ಹೇಳ್ರಿ, ಎಲ್ಲಾರೂ ತಮ್ಮ ತಮ್ಮ ತುಂಡ ಕಿತ್ತ ಒಗೀಲಿ."

"ಫಕೀರಪ್ಪಾ," ಅಂದರು ಅವರು, ಹಲ್ಲುಕಡ್ಡಿಯಲ್ಲಿ ಹಲ್ಲು ಕೆದಕುತ್ತ. "ಕೊಟ್ಟಿದ್ದನ್ನ ತಿರುಗಿ ಕೇಳೂದು ಅಕಿ ಮರ್ಯಾದಿಗೆ ಒಪ್ಪತೈತೇನು? ಕೇಳ ಅಕಿನ್ನ."

ಅವಳನ್ನು ಕೇಳುವ ಅಗತ್ಯವಿರಲಿಲ್ಲ. ಅವಳು ಆಗಲೇ ಪೆಟ್ಟಿಗೆಯಲ್ಲಿದ್ದ ಇಳಕಲ್ ಸೀರೆಯನ್ನು ಮನಸ್ಸಿನಲ್ಲೇ ಉಟ್ಟು ಮುಗಿಸಿದ್ದಳು.

ನಾನು ಷರತ್ತು ಹಾಕಿದೆ. ಗಾಡಿಯನ್ನು ವೇದಿಕೆಗೆ ತಾಗಿಸಿ ನಿಲ್ಲಿಸಬೇಕು, ಅವಳ ಕುರ್ಚಿ ಗುಡ್ಡದ ಗಾಳಿಯೊಳಗೇ ಇರಬೇಕು. ಹಿಂದಿನ ಪರದೆ ನಾನೇ ಮಾಡುತ್ತೇನೆ, ಚಿತ್ರವಿಲ್ಲದ ಬರೀ ಹಳದಿ. ಊರಿನ ಸ್ವಾಗತದ ಬ್ಯಾನರುಗಳಲ್ಲಿ ಎಲ್ಲೂ ಆ ಗುಡ್ಡ ಹಾಕಕೂಡದು. ಸಾವುಕಾರರು ಎಲ್ಲಕ್ಕೂ ತಲೆಯಾಡಿಸಿದರು. "ನೀ ಹೇಳಿದಂಗ ಆಗಲಿ. ಗೋಡಿಗೆ, ಕಂಬಕ್ಕ, ಪರದೆಗೆ ಎಲ್ಲಿಯೂ ಹಚ್ಚೂದಿಲ್ಲ" ಅಂದರು. ಆ ಮಾತನ್ನು ಅವರು ಉಳಿಸಿಕೊಂಡರು, ಅದು ಸುಳ್ಳಲ್ಲ.

ಸನ್ಮಾನದ ಹಿಂದಿನ ದಿನ ಇಮಾಮಸಾಬ ಬಂದ. ಆಟೋದ ಹಿಂದಿನ ತುಂಡನ್ನು ಕಿತ್ತು ಸುರುಳಿ ಸುತ್ತಿ ಕೈಯಲ್ಲಿ ಹಿಡಿದಿದ್ದ. ಅವನ ತಾಯಿ ತೀರಿಕೊಂಡು ತಿಂಗಳಾಗಿತ್ತು. "ಅಕ್ಕಾರ, ನಿಮ್ಮದು ನಿಮಗ" ಅಂತ ಕೆಳಗಿಟ್ಟ. ಆ ಕ್ಷಣವೇ ಗಾಡಿಯ ಸುತ್ತ ಗಾಳಿ ಚೂರು ಜೋರಾದದ್ದು ನನಗೆ ಗೊತ್ತಾಯಿತು, ಅವಳ ಉಸಿರಿನ ಸಪ್ಪಳವೂ ತಗ್ಗಿತು. ನಾನು ಅವನ ಕೈ ಹಿಡಿದುಕೊಂಡೆ. ಸಾವಂತ್ರವ್ವ ಮಾತ್ರ ಮುಖ ಊದಿಸಿದಳು.

"ಕೊಟ್ಟಿದ್ದನ್ನ ತಂದ ಮಕಕ್ಕ ಒಗದಂಗ ಆತು," ಅಂದಳು. "ನಾಳೆ ಮಂದಿ ಏನಂತಾರ, ಇಮಾಮಣ್ಣ? ಸಾವಂತ್ರವ್ವ ತಿರುಗಿ ಇಸಕೊಂಡಳು ಅಂತಾರ."

"ಮಂದಿ ಬಾಯಿಗೆ ಬೆಂಕಿ ಬೀಳಲಿ," ಅಂದೆ ನಾನು. ಇಮಾಮಸಾಬ ಸುರುಳಿಯನ್ನು ಅಲ್ಲೇ ಬಿಟ್ಟು ಹೋದ. ಊರಿನಲ್ಲಿ ಹಾಗೆ ಮಾಡಿದವನು ಅವನೊಬ್ಬನೇ.

ಮರುದಿನ ಹನ್ನೊಂದಕ್ಕೆ ಯಾರ್ಡಿನಲ್ಲಿ ಎಳ್ಳು ಹಾಕಿದರೆ ನೆಲಕ್ಕೆ ಬೀಳದಷ್ಟು ಜನ. ರಾಶಿಗಳನ್ನು ತಾಡಪತ್ರಿಯಿಂದ ಮುಚ್ಚಿದ್ದರು, ಆದರೂ ಘಾಟು ಇತ್ತು; ಜನ ಸೀನುತ್ತಲೇ ಕೂತಿದ್ದರು. ನಾನು ಗಾಡಿಯನ್ನು ವೇದಿಕೆಗೆ ತಾಗಿಸಿ ನಿಲ್ಲಿಸಿದೆ. ನನ್ನ ಹಳದಿ ಪರದೆಯನ್ನು ಮುಟ್ಟಿ ನೋಡಿದೆ, ಹಿಂದೆ ಹೋಗಿಯೂ ನೋಡಿದೆ. ಕಂಬಗಳನ್ನು ನೋಡಿದೆ. ಎಲ್ಲೂ ಗುಡ್ಡ ಇರಲಿಲ್ಲ. ಮನಸ್ಸಿಗೆ ಸಮಾಧಾನವಾಯಿತು. ಸಾವಂತ್ರವ್ವ ಇಳಕಲ್ ಸೀರೆ ಉಟ್ಟು ಗಾಡಿಯಿಂದಿಳಿದು ಎರಡು ಹೆಜ್ಜೆ ನಡೆದು ಕೆಂಪು ಕುರ್ಚಿಯಲ್ಲಿ ಕೂತಳು. ತಲೆಗೆ ಪೇಟ ಇಟ್ಟರು, ಅದು ಅವಳ ಕಿವಿಯ ತನಕ ಇಳಿಯಿತು. ಅವಳ ಜೊತೆ ತೊಟ್ಟು ಬಿಡಿಸಿದ ಹೆಂಗಸರೆಲ್ಲ ಕೆಳಗೆ ಕೂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಗಾಡಿಯ ಪಕ್ಕ ನಿಂತಿದ್ದೆ. ನಿಜ ಹೇಳುತ್ತೇನೆ, ಆಗ ನನಗೂ ಹೆಮ್ಮೆಯಾಯಿತು.

ಭಾಷಣ ನಡೆದಿದ್ದಾಗ ಸ್ವಯಂಸೇವಕರು ಬುಟ್ಟಿ ಹಿಡಿದು ಸಾಲು ಸಾಲಾಗಿ ಏನೋ ಹಂಚುತ್ತಿದ್ದರು. ಸಕ್ಕರೆಯ ಪೊಟ್ಟಣ ಇರಬೇಕು ಅಂದುಕೊಂಡೆ. ನನ್ನ ಕೈಗೂ ಒಂದು ಬಂತು. ಅಂಗೈಯಷ್ಟು ಅಗಲದ ದುಂಡನೆಯ ಸ್ಟಿಕರು. ಬೂದಿ ಬಣ್ಣದ ಕಲ್ಲು, ಮೋಟು ಹುಲ್ಲು, ಪೇಲವ ಆಕಾಶ. ಹಿಂದೆ ಬಿಳಿ ಕಾಗದ ಇನ್ನೂ ಹಾಗೇ ಇತ್ತು. ಪೇಟೆಯ ಆ ಕಡೆ ಇರುವ ವಿರೂಪಾಕ್ಷಿಯ ಸ್ಟಿಕರ್ ಅಂಗಡಿಯಲ್ಲಿ ಮಾಡಿಸಿದ್ದಾರೆಂದು ಕಾಗದ ನೋಡಿಯೇ ಗೊತ್ತಾಯಿತು. ಗೋಡೆಗಲ್ಲ, ಕಂಬಕ್ಕಲ್ಲ. ಮಂದಿಯ ಎದೆಗೆ.

ನಾನು ಕೂಗಿದೆ. ಮೈಕಿನ ಮುಂದೆ ನನ್ನ ಕೂಗು ಯಾವ ಲೆಕ್ಕ? ಗುರುಶಾಂತಪ್ಪ ಸಾವುಕಾರರು ಬೆಳ್ಳಿಯ ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು ಅವಳ ಮುಂದೆ ನಿಂತಿದ್ದರು. "ತಾಯಿ, ಇಡೀ ಊರಿನ ಪರವಾಗಿ ಕೇಳತೇನಿ. ಒಂದ ನಿಮಿಷ. ಬರೇ ಒಂದ ನಿಮಿಷ ನಿನ್ನ ಗುಡ್ಡ ನಮ್ಮೆಲ್ಲಾರ ಎದಿ ಮ್ಯಾಲೆ ಇರಲಿ. ಆಮ್ಯಾಲೆ ಕಿತ್ತ ಒಗೀತೇವಿ. ಊರ ಮಂದಿ ನಿನ್ನ ಮರತಿಲ್ಲ ಅಂತ ತೋರಸೂ ಸಲುವಾಗಿ."

"ಸಾವಂತ್ರೀ, ಬ್ಯಾಡ!" ಅಂತ ಮೆಟ್ಟಿಲ ಕಡೆ ಓಡಿದೆ. ಇಬ್ಬರು ಸ್ವಯಂಸೇವಕರು ನನ್ನ ರಟ್ಟೆ ಹಿಡಿದರು. "ಕಾರ್ಯಕ್ರಮ ಮುಗೀಲಿ ತಡೀರಿ ಫಕೀರಣ್ಣ" ಅಂದರು, ಬಹಳ ಮರ್ಯಾದೆಯಿಂದಲೇ. ಅವಳು ನನ್ನನ್ನು ನೋಡಿದಳು. ಆಮೇಲೆ ಜನರನ್ನು ನೋಡಿದಳು, ಆ ಕೊನೆಯಿಂದ ಈ ಕೊನೆಯ ತನಕ. ಸಾವಿರಾರು ಮುಖಗಳು, ಎಲ್ಲವೂ ಅವಳ ಕಡೆಗೇ. ನನ್ನ ತಲೆಯ ಮೇಲೆ ಕೈ ಇಟ್ಟು ಆಣೆ ಮಾಡಿದವಳು ಎಲೆ ಎತ್ತಿಕೊಂಡಳು, ನಕ್ಕಳು, ಬಾಯಿಗೆ ಹಾಕಿಕೊಂಡಳು.

ಯಾರ್ಡಿನ ತುಂಬ ಕಾಗದ ಬಿಡಿಸುವ ಸದ್ದು ಎದ್ದಿತು. ಸಣ್ಣ ಮಳೆ ಬಂದ ಹಾಗೆ ಚರಚರ ಚರಚರ. ಆಮೇಲೆ ಜನ ತಮ್ಮ ತಮ್ಮ ಎದೆಯನ್ನು ತಟ್ಟಿಕೊಂಡು ಅಂಟಿಸಿದ ಸದ್ದು. ಎಲ್ಲರೂ ಮೂಗು ಅರಳಿಸಿ ಉಸಿರೆಳೆದುಕೊಂಡರು. ಏನೂ ಬರಲಿಲ್ಲ, ಗೋಂದಿನ ವಾಸನೆ ಅಷ್ಟೇ. ಸಾವಿರ ಪಾಲಾದ ಗುಡ್ಡದಲ್ಲಿ ಯಾರಿಗೆ ಏನು ಸಿಕ್ಕೀತು? ಗಾಡಿಯ ಪಕ್ಕದಲ್ಲಿ ನನ್ನ ಬೆನ್ನಿಗೆ ತಾಗುತ್ತಿದ್ದ ತಂಪು ದೀಪ ಆರಿಸಿದ ಹಾಗೆ ನಿಂತುಹೋಯಿತು. ತಾಡಪತ್ರಿಯ ಕೆಳಗಿನ ಘಾಟು ಎದ್ದು ಬಂದು ಕಣ್ಣಿಗೆ ಹೊಡೆಯಿತು.

ಸಾವಂತ್ರವ್ವ ಕುರ್ಚಿಯ ಎರಡೂ ಕೈ ಹಿಡಿದು ಮುಂದಕ್ಕೆ ಬಾಗಿದಳು. ಬಾಯಿ ತೆರೆದಳು. ಕುತ್ತಿಗೆಯ ನರಗಳು ಹಗ್ಗದ ಹಾಗೆ ಎದ್ದವು. ಕಣ್ಣಲ್ಲಿ ನೀರು ಬಂತು.

"ತಾಯಿಯವರು ಭಾವುಕರಾಗಿದ್ದಾರೆ," ಅಂದಿತು ಮೈಕು. "ಜೋರಾದ ಚಪ್ಪಾಳೆ!"

ಚಪ್ಪಾಳೆ ಬಿತ್ತು. ನಾನು ಕೊಸರಿಕೊಂಡು ಜನರ ನಡುವೆ ನುಗ್ಗಿದೆ. ಮೆಟ್ಟಿಲು ಬಿಟ್ಟು ಜನರ ಕಡೆ ಯಾಕೆ ಓಡಿದೆ ಅಂತ ಆಮೇಲೆ ಬಹಳ ಜನ ಕೇಳಿದರು. ಕಿತ್ತರೆ ಪಾಲು ಮರಳುತ್ತದೆ ಅನ್ನುವುದೊಂದೇ ನನ್ನ ತಲೆಯಲ್ಲಿತ್ತು. ಮೊದಲ ಸಾಲಿನವರ ಎದೆಗೆ ಕೈ ಹಾಕಿ ಕಿತ್ತೆ. ಎರಡನೆಯ ಸಾಲಿನವರದು ಕಿತ್ತೆ. ಒಬ್ಬನ ಅಂಗಿ ಹರಿಯಿತು, ಅವನು ನನ್ನ ಕೆನ್ನೆಗೆ ಹೊಡೆದ. ಒಬ್ಬ ಮುದುಕಿ ತನ್ನ ಸ್ಟಿಕರಿನ ಮೇಲೆ ಎರಡೂ ಕೈ ಮುಚ್ಚಿ, "ಇದ ನಮ್ಮ ಸಾವಂತ್ರವ್ವಂದು, ಕೊಡೂದಿಲ್ಲ ಹೋಗ" ಅಂದಳು. ಕಿತ್ತವು ನನ್ನ ಬೆರಳಿಗೇ ಅಂಟಿಕೊಂಡವು, ಒಂದರ ಮೇಲೊಂದು, ಎಷ್ಟು ಕೊಡವಿದರೂ ಬಿಡಲಿಲ್ಲ. ಇಮಾಮಸಾಬ ಎಲ್ಲಿಂದಲೋ ಬಂದು ನನ್ನ ಜೊತೆ ಕೀಳತೊಡಗಿದ. ನಾವು ಇಬ್ಬರು, ಅವರು ಇಡೀ ಊರು.

"ಫಕೀರಪ್ಪನವರು ಎಲ್ಲಿದ್ದರೂ ವೇದಿಕೆಗೆ ಬರಬೇಕು," ಅಂತ ಮೈಕು ಕರೆಯಿತು. "ದಂಪತಿ ಸಮೇತ ಸನ್ಮಾನ."

ಜನರೇ ನನ್ನನ್ನು ಎತ್ತಿಕೊಂಡು ಹೋದ ಹಾಗೆ ದೂಡಿ ಮೇಲೆ ಹತ್ತಿಸಿದರು. ಅವಳ ಪಕ್ಕಕ್ಕೆ ಇನ್ನೊಂದು ಕೆಂಪು ಕುರ್ಚಿ ಹಾಕಿ ನನ್ನ ಭುಜ ಒತ್ತಿ ಕೂರಿಸಿದರು. ಸಾವಂತ್ರವ್ವ ಕುರ್ಚಿಗೆ ಒರಗಿದ್ದಳು, ಪೇಟ ಹಣೆಯ ಮೇಲೆ ಜಾರಿತ್ತು, ತುಟಿಯ ಅಂಚಿನಲ್ಲಿ ಎಲೆಯ ಕೆಂಪು ರಸ ಇಳಿದಿತ್ತು. ಅವಳ ಕೈ ಹಿಡಿದೆ. ಕೈ ಬೆಚ್ಚಗಿತ್ತು. ಮೂಗಿನ ಕೆಳಗೆ ಬೆರಳು ಹಿಡಿದೆ. ಅಂಟಿನ ಬೆರಳಿಗೆ ಏನೂ ತಾಗಲಿಲ್ಲ. "ಸಾವಂತ್ರಿ" ಅಂದೆ, ಇನ್ನೊಮ್ಮೆ ಅಂದೆ. ಸಾವುಕಾರರು ಹಿಂದಿನಿಂದ ಬಂದು ನನ್ನ ಹೆಗಲಿಗೂ ಒಂದು ಶಾಲು ಹೊದಿಸಿದರು. ಕೆಳಗೆ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು, ಎಲ್ಲರ ಎದೆಯ ಮೇಲೂ ಅವಳ ಗುಡ್ಡ. ಸ್ಟುಡಿಯೊದವನು ಕ್ಯಾಮೆರಾ ಎತ್ತಿಕೊಂಡು ಮುಂದೆ ಬಂದು ಒಂದು ಮಂಡಿ ಊರಿದ.

"ಇಬ್ಬರೂ ಈ ಕಡೆ ನೋಡ್ರಿ," ಅಂದ.